ಮತ್ಸುತಾಕೆ: ಕಾಡು ದಟ್ಟವಾದಂತೆ ಅಪರೂಪವಾದ ಅಣಬೆ

ಜಪಾನಿನ ಅಡುಗೆಯವರು ಮತ್ಸುತಾಕೆಯನ್ನು ನೀರಲ್ಲಿ ನೆನೆಸುವುದಿಲ್ಲ. ಒದ್ದೆ ಬಟ್ಟೆಯಿಂದ ಮಣ್ಣೊರೆಸಿ, ನಾರಿನ ಗುಂಟ ಕೈಯಲ್ಲೇ ಸೀಳುತ್ತಾರೆ. ಕೆಂಡದ ಮೇಲೆ ಸುಟ್ಟು ಸುದಾಚಿ ಎಂಬ ಪುಟ್ಟ ಹುಳಿಹಣ್ಣು ಹಿಂಡಿಕೊಂಡು ತಿನ್ನುವುದುಂಟು. ಅಕ್ಕಿಯೊಡನೆ ಬೇಯಿಸಿದರೆ ಮತ್ಸುತಾಕೆ ಗೋಹಾನ್. ನನಗೆ ಹೆಚ್ಚು ಜಾಣತನದ್ದು ಅನ್ನಿಸುವುದು ದೋಬಿನ್-ಮುಶಿ. ಮಣ್ಣಿನ ಚಹಾ ಕೆಟಲಿನಂಥ ಪಾತ್ರೆಯಲ್ಲಿ ಹಮೊ ಮೀನು, ಗಿಂಕೊ ಬೀಜಗಳ ಜೊತೆ ಅಣಬೆ ಬೇಯುತ್ತದೆ. ಮೊದಲು ತಿಳಿಸಾರನ್ನು ಪುಟ್ಟ ಬಟ್ಟಲಿಗೆ ಬಗ್ಗಿಸಿ ಕುಡಿಯಬೇಕು, ಆಮೇಲೆ ಮುಚ್ಚಳ ತೆಗೆದು ಉಳಿದದ್ದನ್ನು ತಿನ್ನಬೇಕು. ಎಲ್ಲವೂ ಪರಿಮಳ ಉಳಿಸಿಕೊಳ್ಳುವ ಉಪಾಯಗಳೇ. ಕೊಡೆ ಬಿಚ್ಚದ ಅಣಬೆಗೆ ಹೆಚ್ಚು ಬೆಲೆ ಇರುವುದೂ ಇದಕ್ಕೇ.

ವಿಜ್ಞಾನಿಗಳೂ ಬೆನ್ನು ಹತ್ತಿದ್ದು ಈ ವಾಸನೆಯನ್ನೇ. ಜಪಾನಿನ ವಿಜ್ಞಾನಿಗಳಾದ ಇಟೊ ಮತ್ತು ಇಮಾಯ್ 1925ರಲ್ಲಿ ಅಣಬೆಗೆ ವೈಜ್ಞಾನಿಕ ಹೆಸರಿಟ್ಟರು; 1930ರ ದಶಕದಲ್ಲಿ ಪರಿಮಳದ ಮುಖ್ಯ ರಾಸಾಯನಿಕಗಳನ್ನು ಬೇರ್ಪಡಿಸಲಾಯಿತು. ಅಷ್ಟರಲ್ಲಾಗಲೇ, ನಾರ್ವೆಯ ಸಸ್ಯವಿಜ್ಞಾನಿ ಬ್ಲಿಟ್ ತಮ್ಮ ನೆಲದ ಒಂದು ಅಣಬೆಗೆ ಕೊಟ್ಟ 'ವಾಕರಿಕೆ ತರಿಸುವುದು' ಎಂಬರ್ಥದ ಲ್ಯಾಟಿನ್ ಹೆಸರು 1905ರಲ್ಲಿ ಪ್ರಕಟವಾಗಿತ್ತು. ಎರಡೂ ಒಂದೇ ಎಂದು ಡಿಎನ್‌ಎ ಪರೀಕ್ಷೆ ಖಚಿತಪಡಿಸಿದ್ದು 2000ದ ಸುಮಾರಿಗೆ. ಹಳೆಯ ಹೆಸರೇ ನಿಲ್ಲಬೇಕೆಂಬ ನಿಯಮವನ್ನು ಬದಿಗಿಟ್ಟು ಜಪಾನಿ ಹೆಸರನ್ನೇ ಉಳಿಸಿಕೊಂಡರು.

ನಿಜವಾದ ತಿರುವು ಬಂದದ್ದು ಮಣ್ಣನ್ನು ಅಗೆದು ನೋಡಿದಾಗ. ಕ್ಯೋಟೊದ ವಿಜ್ಞಾನಿ ಹಮಾದಾ ಮಿನೋರು, ಆಮೇಲೆ ಒಗಾವಾ ಮಕೊತೊ ಇವರು ನೆಲದೊಳಗೆ ಕೆಂಪು ಪೈನ್ ಬೇರುಗಳನ್ನು ಹೆಣೆದುಕೊಂಡ ಬಿಳಿ ಶಿಲೀಂಧ್ರ ಜಾಲ 'ಶಿರೊ'ವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಅಣಬೆ ಬೇರಿಗೆ ನೀರು, ಖನಿಜ ಒದಗಿಸುತ್ತದೆ. ಮರ ಸಕ್ಕರೆ ಕೊಡುತ್ತದೆ. (ನಮ್ಮ ಕರಾವಳಿಯ ಕಲ್ಲಣಬೆಯದೂ ಇಂಥದೇ ಮರದ ಹಂಗಿನ ಬದುಕು.) ಈ ಜೋಡಿಗೆ ಬೇಕಾದದ್ದು ಬಡಕಲು ಮಣ್ಣು. ಹಳ್ಳಿಯವರು ಸೌದೆ ಕಡಿದು, ಗೊಬ್ಬರಕ್ಕೆಂದು ತರಗೆಲೆ ಗುಡಿಸಿಕೊಂಡು ಹೋಗುತ್ತಿದ್ದುದರಿಂದಲೇ ಗುಡ್ಡಗಳು ಹಾಗೆ ಉಳಿದಿದ್ದವು. ಅಂದರೆ ಕಾಡಿನ ಅಣಬೆ ಎಂದು ನಾವು ಕರೆಯುವುದು ಅರ್ಧದಷ್ಟು ರೈತರ ಬೆಳೆಯೇ. ಬಿತ್ತುತ್ತಿದ್ದೇವೆಂದು ಅವರಿಗೆ ಗೊತ್ತಿರಲಿಲ್ಲ, ಅಷ್ಟೆ.

1941ರಲ್ಲಿ ಜಪಾನಿನ ಇಳುವರಿ ಸುಮಾರು 12,000 ಟನ್. ಯುದ್ಧಾನಂತರ ಹಳ್ಳಿಗಳಿಗೆ ಗ್ಯಾಸ್, ರಾಸಾಯನಿಕ ಗೊಬ್ಬರ ಬಂದವು. ಗುಡಿಸುವವರಿಲ್ಲದೆ ತರಗೆಲೆ ಕೊಳೆತು ಮಣ್ಣು ಫಲವತ್ತಾಯಿತು, ಅಗಲ ಎಲೆಯ ಮರಗಳು ಪೈನನ್ನು ಮುಚ್ಚಿದವು. ಉಳಿದ ಪೈನ್‌ಗಳನ್ನು ಉತ್ತರ ಅಮೆರಿಕ ಮೂಲದ ಜಂತುಹುಳು ಒಣಗಿಸಿತು. ರೋಗದ ಕಾರಣ ಅದೇ ಎಂದು ತಿಳಿದದ್ದು 1971ರಲ್ಲಿ. 2019ರ ಇಳುವರಿ ಬರೀ 14 ಟನ್.

ಅಡುಗೆಮನೆ ಈ ಕೊರತೆಗೆ ತನ್ನದೇ ದಾರಿ ಹುಡುಕಿಕೊಂಡಿತು. 1964ರಲ್ಲೇ ನಗತಾನಿಯೆನ್ ಕಂಪನಿ ಮತ್ಸುತಾಕೆ ರುಚಿಯ ಸಾರಿನ ಪುಡಿಯನ್ನು ಮಾರುಕಟ್ಟೆಗೆ ತಂದಿತು. ಚೀನಾದ ಯುನ್ನಾನ್, ಕೆನಡಾ, ಭೂತಾನ್ ಕಾಡುಗಳಿಂದ ಆಮದು ಬೆಳೆಯಿತು. ಈ ವ್ಯಾಪಾರದ ಜಾಡು ಹಿಡಿದು ಮಾನವಶಾಸ್ತ್ರಜ್ಞೆ ಆನಾ ತ್ಸಿಂಗ್ 2015ರಲ್ಲಿ ಪುಸ್ತಕವನ್ನೇ ಬರೆದರು. 2020ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಮತ್ಸುತಾಕೆಯನ್ನು ಅಪಾಯಕ್ಕೆ ಈಡಾಗಬಲ್ಲ ಜಾತಿಗಳ ಪಟ್ಟಿಗೆ ಸೇರಿಸಿತು.

ಈಗ ಕ್ಯೋಟೊ ಗುಡ್ಡಗಳಲ್ಲಿ ಸ್ವಯಂಸೇವಕರು ಮತ್ತೆ ತರಗೆಲೆ ಗುಡಿಸುತ್ತಿದ್ದಾರೆ. ಇನ್ನೊಂದೆಡೆ ತಾಕಿ ಕೆಮಿಕಲ್ ಸಂಸ್ಥೆ 2018ರಲ್ಲಿ ಓಕ್ ಮರಗಳ ಸಂಗಾತಿಯಾದ 'ಬಾಕಾಮತ್ಸುತಾಕೆ'ಯನ್ನು ಮರದ ನೆರವಿಲ್ಲದೆ ಬೆಳೆಸಿರುವುದಾಗಿ ಪ್ರಕಟಿಸಿತು. ವಾಸನೆಯಲ್ಲಿ ಅದು ಕಡಿಮೆಯದಲ್ಲ. ಆದರೆ ಅದು ಬೇರೆ ಜಾತಿ; ಮತ್ಸುತಾಕೆ ಮಾತ್ರ ಪೈನ್ ಬೇರು ಬಿಟ್ಟು ಮಾರುಕಟ್ಟೆಗೆ ಬರಲು ಇನ್ನೂ ಒಪ್ಪಿಲ್ಲ.