ಜಲ ಏರೋಬಿಕ್ಸ್

ಎದೆಮಟ್ಟದ ನೀರಿನಲ್ಲಿ ನಿಂತು, ಸಾಮಾನ್ಯವಾಗಿ ಸಂಗೀತದ ಲಯಕ್ಕೆ ಕೈಕಾಲು ಆಡಿಸುತ್ತ ಹೃದಯ, ಶ್ವಾಸಕೋಶ ಮತ್ತು ಸ್ನಾಯುಗಳಿಗೆ ಕಸುವು ತುಂಬುವ ಸಾಮೂಹಿಕ ವ್ಯಾಯಾಮ. ಇದಕ್ಕೆ ಈಜು ಬರಲೇಬೇಕೆಂದಿಲ್ಲ. ಪಾದ ಕೊಳದ ತಳದಲ್ಲಿರುತ್ತದೆ, ತಲೆ ನೆನೆಯುವುದಿಲ್ಲ. ಅಮೆರಿಕ, ಜಪಾನ್, ಬ್ರೆಜಿಲ್ ಮತ್ತು ಯುರೋಪಿನ ದೇಶಗಳಲ್ಲಿ ಹಿರಿಯ ಮಹಿಳೆಯರು ಇದನ್ನು ಹೆಚ್ಚಾಗಿ ರೂಢಿಸಿಕೊಂಡಿದ್ದಾರೆ. ರೋಗಿಗಳ ಚಿಕಿತ್ಸೆಯಾಗಿ ಆರಂಭವಾದ ಪದ್ಧತಿ ಆರೋಗ್ಯವಂತರ ದಿನಚರಿಗೆ ಬಂದು ಸೇರಿದ್ದೇ ಇದರ ಇತಿಹಾಸ.

ಹಿನ್ನೆಲೆ: 19ನೆಯ ಶತಮಾನದಲ್ಲಿ ಗ್ರೇಫೆನ್‌ಬರ್ಗ್‌ನ ವಿನ್ಸೆಂಟ್ಸ್ ಪ್ರೀಸ್ನಿಟ್ಸ್, ಬವೇರಿಯದ ಪಾದ್ರಿ ಸೆಬಾಸ್ಟಿಯನ್ ಕ್ನೈಪ್ ಜಲಚಿಕಿತ್ಸೆಯನ್ನು ಜನಪ್ರಿಯಗೊಳಿಸಿದರು. ಅಲ್ಲಿ ರೋಗಿಗಳು ಹೆಚ್ಚಾಗಿ ನೀರಿಗೆ ಮೈಯೊಡ್ಡುತ್ತಿದ್ದರೇ ಹೊರತು ನೀರಿನಲ್ಲಿ ಮೈ ದಂಡಿಸುತ್ತಿರಲಿಲ್ಲ. ನೀರಿನಲ್ಲಿ ಮೈ ದಂಡಿಸುವ ಬದಲಾವಣೆ ತಂದದ್ದು ಪೋಲಿಯೊ. ಲಾಸ್ ಏಂಜಲೀಸ್‌ನ ಮೂಳೆವೈದ್ಯ ಚಾರ್ಲ್ಸ್ ಲೋಮನ್ 1920ರ ದಶಕದಲ್ಲಿ ತಮ್ಮ ಆಸ್ಪತ್ರೆಯ ಕೊಳವನ್ನು ಚಿಕಿತ್ಸೆಗೆ ಅಣಿಗೊಳಿಸಿ, ನೆಲದ ಮೇಲೆ ನಿಲ್ಲಲಾಗದ ಮಕ್ಕಳಿಗೆ ನೀರಿನಲ್ಲಿ ವ್ಯಾಯಾಮ ಮಾಡಿಸಿದರು. 1937ರಲ್ಲಿ ಈ ವಿಧಾನವನ್ನು ಕುರಿತ ಗ್ರಂಥವನ್ನೂ ಪ್ರಕಟಿಸಿದರು. 1924ರಲ್ಲಿ ಜಾರ್ಜಿಯಾದ ಬಿಸಿನೀರಿನ ಬುಗ್ಗೆಗಳ ಊರಾದ ವಾರ್ಮ್ ಸ್ಪ್ರಿಂಗ್ಸ್‌ಗೆ ಚಿಕಿತ್ಸೆಗಾಗಿ ಹೋದ, ಮುಂದೆ ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ 1927ರಲ್ಲಿ ಅಲ್ಲಿ ಪೋಲಿಯೊಪೀಡಿತರಿಗಾಗಿ ಪ್ರತಿಷ್ಠಾನ ಸ್ಥಾಪಿಸಿದರು.

ಬೆಳವಣಿಗೆ: ಅಮೆರಿಕದ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದ ಪುಸ್ತಕದಿಂದ ‘ಏರೋಬಿಕ್ಸ್’ ಮನೆಮಾತಾಯಿತು. ಮರುವರ್ಷ ಜಾಕಿ ಸೊರೆನ್ಸನ್ ಅದನ್ನು ನೃತ್ಯಕ್ಕೆ ಅಳವಡಿಸಿದರು. ಆದರೆ ಗಟ್ಟಿ ನೆಲದ ಮೇಲಿನ ಕುಣಿತ ಮಂಡಿನೋವಿದ್ದವರಿಗೆ ಒಗ್ಗುವಂಥದ್ದಾಗಿರಲಿಲ್ಲ. ಅಂಥವರಿಗೆ ಈಜುಕೊಳ ನೆರವಾಯಿತು. 1980ರ ದಶಕದಲ್ಲಿ ಅಮೆರಿಕದ ಆರ್ಥ್ರೈಟಿಸ್ ಫೌಂಡೇಶನ್ ಮತ್ತು ವೈಎಂಸಿಎ ಜೊತೆಗೂಡಿ ಸಂಧಿವಾತದವರಿಗಾಗಿ ನೀರಿನ ತರಗತಿಗಳನ್ನು ನಡೆಸಿದವು. 1987ರಲ್ಲಿ ರೂತ್ ಸೋವಾ ಸ್ಥಾಪಿಸಿದ ಅಕ್ವಾಟಿಕ್ ಎಕ್ಸರ್‌ಸೈಜ್ ಅಸೋಸಿಯೇಷನ್ ಬೋಧಕರ ತರಬೇತಿಗೆ ಒಂದು ಚೌಕಟ್ಟು ಒದಗಿಸಿತು.

ಕಾರ್ಯವಿಧಾನ: ತೇಲುಬಲದಿಂದಾಗಿ ಎದೆಮಟ್ಟದ ನೀರಿನಲ್ಲಿ ಕಾಲುಗಳ ಮೇಲೆ ಬೀಳುವುದು ದೇಹತೂಕದ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಆದ್ದರಿಂದ ಮಂಡಿ, ಸೊಂಟಗಳ ಕೀಲುಗಳಿಗೆ ಬಿಡುವು ಸಿಗುತ್ತದೆ. ಆದರೆ ನೀರಿನ ಸಾಂದ್ರತೆ ಗಾಳಿಯದಕ್ಕಿಂತ ಸುಮಾರು 800 ಪಟ್ಟು ಹೆಚ್ಚಾದ್ದರಿಂದ ಸ್ನಾಯುಗಳಿಗೆ ಬಿಡುವಿಲ್ಲ. ಅಂಗೈಯನ್ನು ಓರೆಯಾಗಿ ಹಿಡಿದರೆ ನೀರು ಸೀಳಿ ದಾರಿ ಬಿಡುತ್ತದೆ. ಅಗಲಿಸಿ ದೂಡಿದರೆ ಎದುರು ನಿಲ್ಲುತ್ತದೆ. ಹೀಗೆ ಒಂದೇ ತರಗತಿಯಲ್ಲಿ ಪ್ರತಿಯೊಬ್ಬರೂ ತಮ್ಮ ಶಕ್ತಿಗೆ ತಕ್ಕಷ್ಟು ಶ್ರಮವನ್ನು ತಾವೇ ಹೊಂದಿಸಿಕೊಳ್ಳಬಹುದು.

ಸಂಶೋಧನೆ: ಜಪಾನಿನ ನೊಬುಒ ತಾಕೆಶಿಮಾ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 60ರಿಂದ 75 ವರ್ಷದ 30 ಮಹಿಳೆಯರಿದ್ದರು. ಅವರಲ್ಲಿ 15 ಮಂದಿ 12 ವಾರಗಳ ಕಾಲ, ವಾರಕ್ಕೆ ಮೂರು ದಿನ, ದಿನಕ್ಕೆ 70 ನಿಮಿಷ ನೀರಿನಲ್ಲಿ ವ್ಯಾಯಾಮ ಮಾಡಿದರು: 20 ನಿಮಿಷ ಮೈ ಸಡಿಲಿಸುವ ಚಲನೆ, 10 ನಿಮಿಷ ಸ್ನಾಯುಬಲದ ಕಸರತ್ತು, 30 ನಿಮಿಷ ನಡಿಗೆ ಮತ್ತು ನೃತ್ಯ, ಕೊನೆಗೆ 10 ನಿಮಿಷ ದಣಿವಾರಿಸುವ ಚಲನೆ. ಅವರ ಗರಿಷ್ಠ ಆಮ್ಲಜನಕ ಬಳಕೆ ಶೇ. 12ರಷ್ಟು ಹೆಚ್ಚಿತು, ಸ್ನಾಯುಬಲ ಮತ್ತು ಚುರುಕುತನ ಸುಧಾರಿಸಿದವು, ಕೊಲೆಸ್ಟ್ರಾಲ್ ತಗ್ಗಿತು. ಮಂಡಿ ಮತ್ತು ಸೊಂಟದ ಕೀಲುಸವೆತವನ್ನು ಕುರಿತ 2016ರ ಕಾಕ್ರೇನ್ ವಿಮರ್ಶೆ ಮಾತ್ರ, ನೋವು ಮತ್ತು ಚಲನೆಯಲ್ಲಿ ಕಾಣುವ ಲಾಭ ಅಲ್ಪ ಹಾಗೂ ಅಲ್ಪಕಾಲಿಕ ಎಂದಿತು.

ಮಿತಿ: ಕೀಲುಗಳ ಭಾರ ಇಳಿಸುವ ಗುಣವೇ ಮೂಳೆಯ ವಿಷಯದಲ್ಲಿ ಕೊರತೆಯಾಗುತ್ತದೆ. ಮೂಳೆ ಗಟ್ಟಿಯಾಗಲು ಅದರ ಮೇಲೆ ಭಾರ ಬೀಳಬೇಕು. ಮುಟ್ಟು ನಿಂತ ಬಳಿಕ ಮೂಳೆಸವೆತದ ಅಪಾಯ ಹೆಚ್ಚುವುದರಿಂದ, ನೀರಿನ ವ್ಯಾಯಾಮದ ಜೊತೆಗೆ ನಡಿಗೆ, ಮೆಟ್ಟಿಲು ಹತ್ತುವುದು, ತೂಕ ಎತ್ತುವುದು ಮುಂತಾದ ನೆಲದ ವ್ಯಾಯಾಮವೂ ಇರಬೇಕು. ಹೃದ್ರೋಗ ಅಥವಾ ತೆರೆದ ಗಾಯ ಇರುವವರು ನೀರಿಗಿಳಿಯುವ ಮುನ್ನ ವೈದ್ಯರ ಸಲಹೆ ಪಡೆಯುವುದು ಅಗತ್ಯ.