ತೈಲದ ನಂತರದ ಭೂರಾಜಕೀಯ: ಗಣಿಗಳ ಲೆಕ್ಕ, ಕಾರ್ಖಾನೆಗಳ ಮರೆವು

ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣದ ಸುತ್ತ 14,100 ಟನ್ ಲಿಥಿಯಂ ಇದೆಯೆಂದು 2020ರಲ್ಲಿ ಸುದ್ದಿಯಾಯಿತು. ಮರುವರ್ಷ ಕೇಂದ್ರ ಸರ್ಕಾರ ಕೊಟ್ಟ ಅಂದಾಜು 1,600 ಟನ್. 2023ರಲ್ಲಿ ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಎಂದಾಗ ‘ಬಿಳಿ ಚಿನ್ನ’ದ ಮಾತು ಮನೆಮನೆಗೂ ಹಬ್ಬಿತು. ಆದರೆ ಆ ನಿಕ್ಷೇಪದ ಹರಾಜಿಗೆ ಬೇಕಾದಷ್ಟು ಬಿಡ್‌ದಾರರೇ ಬರಲಿಲ್ಲ. ತೈಲದ ಕಾಲ ಮುಗಿಯಿತು, ಇನ್ನು ಲಿಥಿಯಂ ಇದ್ದವರದೇ ಕಾರುಬಾರು ಎಂಬ ಎಣಿಕೆ ಟೀವಿ ಚರ್ಚೆಗಳಲ್ಲೂ ವಿಚಾರಸಂಕಿರಣಗಳಲ್ಲೂ ಗಟ್ಟಿಯಾಗಿ ಕೂತಿದೆ. ಈ ವಿಷಯವನ್ನು ಹಲವು ವರ್ಷ ಪಾಠ ಮಾಡಿದವನಾಗಿ ಹೇಳುತ್ತೇನೆ: ಎಣಿಕೆಯೇ ತಪ್ಪು.

ಶಕ್ತಿಮೂಲಗಳ ಭೂರಾಜಕೀಯ ಎಂಬ ಅಧ್ಯಯನ ಬೆಳೆದದ್ದು ತೈಲದ ನೆರಳಿನಲ್ಲಿ. ಬ್ರಿಟಿಷ್ ನೌಕಾಪಡೆ ಕಲ್ಲಿದ್ದಲು ಬಿಟ್ಟು ತೈಲಕ್ಕೆ ಹೊರಳಿದಾಗ, 1914ರಲ್ಲಿ, ಚರ್ಚಿಲ್ ಒತ್ತಾಯದ ಮೇಲೆ ಸರ್ಕಾರವೇ ಪರ್ಷಿಯಾದ ತೈಲ ಕಂಪನಿಯ ಹೆಚ್ಚಿನ ಪಾಲು ಕೊಂಡಿತು. 1960ರಲ್ಲಿ ಬಾಗ್ದಾದಿನಲ್ಲಿ ತೈಲ ರಫ್ತು ಮಾಡುವ ದೇಶಗಳ ಕೂಟ ಒಪೆಕ್ ಹುಟ್ಟಿತು. 1973ರಲ್ಲಿ ಅರಬ್ ದೇಶಗಳು ಹೇರಿದ ತೈಲ ನಿರ್ಬಂಧದ ನಂತರ, ಕೆಲವೇ ತಿಂಗಳಲ್ಲಿ, ಬ್ಯಾರಲ್ ಬೆಲೆ ಸುಮಾರು 3 ಡಾಲರಿನಿಂದ 12ರ ಹತ್ತಿರಕ್ಕೆ ಏರಿತು. ಡೇನಿಯಲ್ ಯರ್ಗಿನ್ ಅವರ ‘ದಿ ಪ್ರೈಜ್’ ಈ ಇಡೀ ಕಥೆಯನ್ನು ಹೇಳಿತು. 2001ರಲ್ಲಿ ಮೈಕೆಲ್ ಕ್ಲೇರ್ ‘ರಿಸೋರ್ಸ್ ವಾರ್ಸ್’ ಬರೆದರು. ನಾವೆಲ್ಲ ಇವನ್ನೇ ಓದಿ ಬೆಳೆದವರು. ನೆಲದಡಿಯ ಸಂಪತ್ತೇ ಅಧಿಕಾರ ಎಂಬ ನಂಬಿಕೆ ನಮಗೆ ಅಂಟಿದ್ದೂ ಇಲ್ಲಿಂದಲೇ.

ಸೌರ, ಪವನ ಶಕ್ತಿಗಳ ಭೂರಾಜಕೀಯ ಪ್ರತ್ಯೇಕ ವಿಷಯವಾಗಿ ನಿಂತದ್ದು 2017ರ ಆಸುಪಾಸಿನಲ್ಲಿ. ಆ ವರ್ಷ ಮೇಘನ್ ಓ’ಸಲಿವನ್, ಇಂದ್ರಾ ಓವರ್‌ಲ್ಯಾಂಡ್, ಡೇವಿಡ್ ಸ್ಯಾಂಡಲೋ ಸೇರಿ ಬರೆದ ಪ್ರಬಂಧ ಬಂತು. 2019ರಲ್ಲಿ, ಐಸ್‌ಲ್ಯಾಂಡಿನ ಮಾಜಿ ಅಧ್ಯಕ್ಷ ಗ್ರಿಮ್ಸನ್ ನೇತೃತ್ವದ ಆಯೋಗದ ವರದಿ ಅಬುಧಾಬಿಯ ಐರೀನಾ (ಅಂತರರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆ) ಮೂಲಕ ಹೊರಬಂತು. ಬಿಸಿಲು ಎಲ್ಲ ದೇಶಗಳ ಮೇಲೂ ಬೀಳುತ್ತದೆ, ಆದ್ದರಿಂದ ಹೊರಗಿನವರ ಹಂಗು ಕಡಿಮೆಯಾಗುತ್ತದೆ, ತೈಲಕ್ಕಾಗಿ ನಡೆದಂಥ ಕಾದಾಟಗಳು ತಗ್ಗುತ್ತವೆ ಎಂಬ ಭರವಸೆ ಅದರ ಉಸಿರು. ಸದಾಶಯದ ವರದಿ ನಿಜ. ಆದರೆ ಬಿಸಿಲನ್ನು ಕರೆಂಟು ಮಾಡುವ ಫಲಕ ಎಲ್ಲಿ ತಯಾರಾಗುತ್ತದೆ ಎಂಬ ಪ್ರಶ್ನೆಗೆ ಅದು ಕೊಟ್ಟ ಜಾಗ ತೀರ ಚಿಕ್ಕದು.

ಆ ಪ್ರಶ್ನೆಯನ್ನು ನಡುವಿಗೆ ತಂದದ್ದು ನನ್ನ ಓರಗೆಯವರು. ನಮಗೆ ಕಣ್ಣು ತೆರೆಸಿದ ವರ್ಷ 2010. ಜಪಾನ್, ಚೀನಾ ಎರಡೂ ತಮ್ಮದೆನ್ನುವ ಸೆಂಕಾಕು ದ್ವೀಪಗಳ ಬಳಿ ಚೀನಾದ ಮೀನುಗಾರಿಕೆ ದೋಣಿಯ ನಾಯಕನನ್ನು ಜಪಾನ್ ಬಂಧಿಸಿತು. ಅದರ ಬೆನ್ನಿಗೇ ಚೀನಾದಿಂದ ಜಪಾನಿಗೆ ಹೋಗುವ ರೇರ್ ಅರ್ತ್ (ವಿರಳ ಭೂಲೋಹ) ಲೋಹಗಳ ಸಾಗಣೆ ನಿಂತಿತು. ಈ ಲೋಹಗಳ ಅದಿರು ಹೆಸರಿಗೆ ಮಾತ್ರ ವಿರಳ, ಹಲವು ದೇಶಗಳಲ್ಲಿದೆ. ಕಷ್ಟವಿರುವುದು ಒಂದರಿಂದ ಇನ್ನೊಂದನ್ನು ಬೇರ್ಪಡಿಸುವುದರಲ್ಲಿ. ಆಮ್ಲ ಬೇಕು, ದ್ರಾವಕ ಬೇಕು, ವಿಷದ ತ್ಯಾಜ್ಯ ಸುರಿಯಲು ಜಾಗ ಬೇಕು, ದಶಕಗಳಿಂದ ಪಳಗಿದ ಕೈ ಬೇಕು. ಉಳಿದ ದೇಶಗಳು ಬೇಡವೆಂದು ಬಿಟ್ಟ ಈ ಹೊಲಸು ಕೆಲಸವನ್ನು ಚೀನಾ ಹಿಡಿದು ಮಾಡಿತು. 2021ರಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಲೆಕ್ಕ ಹಾಕಿದಾಗ ಜಗತ್ತಿನ ರೇರ್ ಅರ್ತ್ ಸಂಸ್ಕರಣೆಯಲ್ಲಿ ಚೀನಾದ ಪಾಲು ಶೇ 90ರ ಹತ್ತಿರವಿತ್ತು. ಸೌರಫಲಕ ತಯಾರಿಕೆಯ ಒಂದೊಂದು ಹಂತದಲ್ಲೂ ಅದರ ಪಾಲು ಶೇ 80ಕ್ಕಿಂತ ಹೆಚ್ಚು ಎಂದು ಮರುವರ್ಷ ಅದೇ ಸಂಸ್ಥೆ ಹೇಳಿತು. ಅದಿರಿದ್ದರೆ ಸಾಲದು: ಜಗತ್ತಿನ ಕೋಬಾಲ್ಟಿನ ಸುಮಾರು ಶೇ 70ನ್ನು ಅಗೆಯುವ ಕಾಂಗೋ ಬಡದೇಶವಾಗಿಯೇ ಉಳಿದಿದೆ. ಇಂಡೋನೇಷ್ಯಾ ಮಾತ್ರ ಮರ್ಮ ಹಿಡಿಯಿತು: 2020ರಲ್ಲಿ ನಿಕಲ್ ಅದಿರಿನ ರಫ್ತು ನಿಲ್ಲಿಸಿ, ಕರಗಿಸುವ ಕುಲುಮೆಗಳು ತನ್ನ ನೆಲಕ್ಕೇ ಬರುವಂತೆ ಮಾಡಿತು. ಆ ಕುಲುಮೆಗಳ ಬಂಡವಾಳ ಬಹುಪಾಲು ಚೀನಾದ್ದು, ಉರಿಯುವುದು ಕಲ್ಲಿದ್ದಲು ಎಂಬುದನ್ನೂ ಬರೆಯಲೇಬೇಕು.

ಹಾಗೆಂದು ಚೀನಾವನ್ನು ‘ಹೊಸ ಒಪೆಕ್’ ಎನ್ನುವುದೂ ಸರಿಯಲ್ಲ. ತೈಲ ದಿನದಿನವೂ ಉರಿದುಹೋಗುವ ಸರಕು. 1973ರಲ್ಲಿ ಪೂರೈಕೆ ತಗ್ಗಿದ ಕೆಲವೇ ವಾರಗಳಲ್ಲಿ ಅಮೆರಿಕದ ಪೆಟ್ರೋಲ್ ಬಂಕುಗಳ ಮುಂದೆ ಕಾರುಗಳ ಸಾಲು ನಿಂತಿತು. ಚಾವಣಿಯ ಫಲಕ ಒಮ್ಮೆ ಕೂತರೆ ಇಪ್ಪತ್ತೈದು ವರ್ಷ ಯಾರ ಅಪ್ಪಣೆಯೂ ಇಲ್ಲದೆ ಕರೆಂಟು ಕೊಡುತ್ತದೆ. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ರೇರ್ ಅರ್ತ್ ಲೋಹಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಆ ಲೋಹಗಳಿಂದ ಮಾಡುವ ಅಯಸ್ಕಾಂತ ಸಿಗದೆ ನಮ್ಮ ವಾಹನ ತಯಾರಕರು ಕಂಗಾಲಾದರು. ರಸ್ತೆಯಲ್ಲಿ ಓಡುತ್ತಿದ್ದ ಎಲೆಕ್ಟ್ರಿಕ್ ಸ್ಕೂಟರು ಮಾತ್ರ ನಿಲ್ಲಲಿಲ್ಲ. ಈ ವ್ಯತ್ಯಾಸವನ್ನು ಬಿಟ್ಟು ಬರೆದದ್ದನ್ನು ನಾನು ಗಂಭೀರ ಅಧ್ಯಯನವೆಂದು ಒಪ್ಪುವುದಿಲ್ಲ.

ಪಶ್ಚಿಮದ ಸಮೀಕ್ಷೆಗಳಲ್ಲಿ ಕಾಣದ ಒಂದು ಅಧ್ಯಾಯ ನಮ್ಮದೇ ದೇಶದ ಕರಾವಳಿಯಲ್ಲಿದೆ. ಮದುವೆ ಮೆರವಣಿಗೆಗಳಲ್ಲಿ, ಯಕ್ಷಗಾನದ ರಂಗಸ್ಥಳದಲ್ಲಿ ಗ್ಯಾಸ್‌ಲೈಟು ಉರಿದದ್ದನ್ನು ನೋಡಿದವರಿಗೆ ಅದರ ಮ್ಯಾಂಟಲ್ ನೆನಪಿರಬಹುದು: ಮೊದಲ ಸಲ ಬೆಂಕಿ ತಾಗಿಸಿದಾಗ ರೇಷ್ಮೆಯಂಥ ಚೀಲ ಸುಟ್ಟು, ಮುಟ್ಟಿದರೆ ಪುಡಿಯಾಗುವ ಬಿಳಿಯ ಬಲೆ ಉಳಿಯುತ್ತಿತ್ತು. ಆ ಬಿಳಿಯ ಬಲೆ ಥೋರಿಯಂನದು. ಥೋರಿಯಂ ಸಿಗುತ್ತಿದ್ದುದು ಇಂದಿನ ಕೇರಳದ ತಿರುವಾಂಕೂರಿನ ಕಡಲ ಮರಳಿನಲ್ಲಿರುವ ಮೊನಜೈಟ್ ಎಂಬ ಖನಿಜದಲ್ಲಿ. ರೇರ್ ಅರ್ತ್ ಲೋಹಗಳೂ ಅದರಲ್ಲೇ ಇವೆ. ಆ ಮರಳಿಗಾಗಿ ಜರ್ಮನರೂ ಬ್ರಿಟಿಷರೂ ಪೈಪೋಟಿ ನಡೆಸಿದ್ದರು. ಸ್ವಾತಂತ್ರ್ಯದ ಹೊತ್ತಿಗೆ ಅದರ ರಫ್ತಿಗೆ ತಡೆ ಬಿದ್ದಿತ್ತು. 1951ರಲ್ಲಿ ನಾವು ಗೋಧಿಗಾಗಿ ಅಮೆರಿಕದ ಮುಂದೆ ಕೈಯೊಡ್ಡಿದಾಗ ಅಲ್ಲಿನ ಸಂಸತ್ತಿನಲ್ಲಿ ಮೊನಜೈಟಿನ ಮಾತು ಬಂತು. ನೆಹರೂ ಸರ್ಕಾರ ಬಗ್ಗಲಿಲ್ಲ. 1952ರಲ್ಲಿ ಫ್ರೆಂಚರ ನೆರವಿನಿಂದ ಕೇರಳದ ಆಲುವಾದಲ್ಲಿ ಸಂಸ್ಕರಣಾ ಕಾರ್ಖಾನೆಯೇ ಶುರುವಾಯಿತು. ಅದಿರು ಮಾರಬಾರದು, ಸಂಸ್ಕರಿಸಬೇಕು ಎಂಬ ಪಾಠವನ್ನು ಇಂಡೋನೇಷ್ಯಾಕ್ಕಿಂತ ಎಷ್ಟೋ ಮೊದಲು ಕಲಿತವರು ನಾವು. ಆಮೇಲೆ ಚೀನಾದ ಅಗ್ಗದ ಸರಕು ಬಂತು, ಕಲಿತದ್ದನ್ನು ಕೈಬಿಟ್ಟೆವು.

ಇನ್ನು ಈ ಅಧ್ಯಯನ ಕ್ಷೇತ್ರ ನೋಡಿಯೂ ನೋಡದ ಎರಡು ಸಂಗತಿಗಳು. ತೈಲದ ಹಂಗು ತಗ್ಗಿಸಲು ಸೌದಿ ಅರೇಬಿಯಾ 2016ರಲ್ಲಿ ಹಾಕಿಕೊಂಡ ‘ವಿಷನ್ 2030’ ಯೋಜನೆಯ ಬಗ್ಗೆ ರಾಶಿ ಬರಹಗಳಿವೆ. ತೈಲದ ವರಮಾನ ಇಳಿದರೆ ದೊರೆಗಳ ಗತಿಯೇನು ಎಂದು ಲೆಕ್ಕ ಹಾಕುವವರು, ಕೊಲ್ಲಿಯಿಂದ ಬರುವ ಹಣದಲ್ಲಿ ಮನೆ, ಮದುವೆ, ಓದು ನಡೆಸುವ ಭಟ್ಕಳದ, ಮಂಗಳೂರಿನ ಸಂಸಾರಗಳ ಕಡೆ ತಿರುಗುವುದು ಅಪರೂಪ.

ಎರಡನೆಯದು ತುಮಕೂರು ಜಿಲ್ಲೆಯ ಪಾವಗಡದ ಸೌರವಿದ್ಯುತ್ ಪಾರ್ಕು. 13,000 ಎಕರೆ, 2,050 ಮೆಗಾವಾಟ್. ಜಮೀನು ಕೊಂಡದ್ದಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಹಿಡಿದದ್ದು. ಭೂಸ್ವಾಧೀನದ ಹಿಂಸೆಯಿಲ್ಲದ ಮಾದರಿ ಎಂದು ಹೊಗಳಿಕೆ ಬಂತು. ಅದಕ್ಕೆ ಅರ್ಹವೂ ಹೌದು. ತಿರುಮಣಿಯ ಬಳಿ ಬೇಲಿಯ ಪಕ್ಕ ನಿಂತಾಗ ಕುರಿ ಕಾಯುವ ಹಿರಿಯರೊಬ್ಬರು ಸಿಕ್ಕರು. ಹುಲ್ಲುಗಾವಲು ಬೇಲಿಯೊಳಗೆ ಹೋದ ಮೇಲೆ ಅರ್ಧ ಹಿಂಡು ಮಾರಿದೆನೆಂದರು. ಅವರಿಗೆ ಜಮೀನಿರಲಿಲ್ಲ, ಆದ್ದರಿಂದ ಗುತ್ತಿಗೆಯೂ ಇಲ್ಲ. ಬೇಲಿಯಾಚೆ, ಹತ್ತಿರದ ಸಾಲಿನ ಫಲಕದ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಚೀನಾದ ಹೆಸರಿತ್ತು. ಕಾರ್ಖಾನೆ ಅಲ್ಲಿ, ಬೇಲಿ ಇಲ್ಲಿ. ಎರಡನ್ನೂ ಒಂದೇ ಪುಟದಲ್ಲಿ ಇಟ್ಟು ಬರೆದ ಅಧ್ಯಯನಕ್ಕಾಗಿ ನಾನು ಕಾಯುತ್ತಿದ್ದೇನೆ.

ಈ ವಿಷಯಕ್ಕೆ ಬರುವ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ: ವರದಿಗಳನ್ನು ಆಮೇಲೆ ಓದಿ. ಮೊದಲು ಆಲುವಾ, ಭಟ್ಕಳ, ತಿರುಮಣಿ ಈ ಮೂರು ಊರಿಗೆ ಹೋಗಿ ಬನ್ನಿ.