ಲಂಕೇಶ್, ಪಿ.: ಚಲನಚಿತ್ರ ನಿರ್ದೇಶನ ಮತ್ತು ಕಲ್ಯಾಣದ ವಸ್ತು

ಪಿ. ಲಂಕೇಶ್ (8 ಮಾರ್ಚ್ 1935 – 25 ಜನವರಿ 2000) ಕನ್ನಡದ ಕಾದಂಬರಿಕಾರ, ಕಥೆಗಾರ, ನಾಟಕಕಾರ ಮತ್ತು ಪತ್ರಿಕಾ ಸಂಪಾದಕ. 1976ರಿಂದ 1980ರ ನಡುವೆ ನಾಲ್ಕು ಚಲನಚಿತ್ರಗಳನ್ನು ನಿರ್ದೇಶಿಸಿದರು. ಹುಟ್ಟೂರು ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿ. ಆದರೆ ಅವರ ಬರವಣಿಗೆಯ ಒಂದು ಮುಖ್ಯ ಕೃತಿ ರಾಜ್ಯದ ಇನ್ನೊಂದು ತುದಿಯ ಬಸವಕಲ್ಯಾಣಕ್ಕೆ ಸೇರಿದ್ದು: 12ನೆಯ ಶತಮಾನದ ಕಲ್ಯಾಣದಲ್ಲಿ ನಡೆಯುವ ‘ಸಂಕ್ರಾಂತಿ’ (1971) ನಾಟಕ.

ಇಂಗ್ಲಿಷ್ ಅಧ್ಯಾಪಕರಾಗಿದ್ದ ಲಂಕೇಶ್ ಸಿನಿಮಾಕ್ಕೆ ಬಂದದ್ದು ನಟನಾಗಿ. ಯು.ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ‘ಸಂಸ್ಕಾರ’ದಲ್ಲಿ (1970) ಅವರದು ನಾರಣಪ್ಪನ ಪಾತ್ರ. ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯರಾಗಿದ್ದರು. ಸೆನ್ಸಾರಿನ ತಡೆ ದಾಟಿ ಬಂದ ಈ ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣ ಕಮಲ ದೊರೆತದ್ದು, ಸ್ಟುಡಿಯೊದ ಹಂಗಿಲ್ಲದೆ ಸಾಹಿತಿಗಳೂ ಸಿನಿಮಾ ಮಾಡಬಹುದೆಂಬ ಧೈರ್ಯವನ್ನು ಕನ್ನಡಕ್ಕೆ ತಂದುಕೊಟ್ಟಿತು.

ಮೊದಲ ಚಿತ್ರ ‘ಪಲ್ಲವಿ’ (1976). ಅದಕ್ಕೆ ಆಧಾರ ಅವರದೇ ಕಾದಂಬರಿ ‘ಬಿರುಕು’ (1967). ಕಾದಂಬರಿಯ ಬಲವಿರುವುದು ನಾಯಕನ ಒಳಗಿನ ಗೊಂದಲದಲ್ಲಿ. ಅಂಥದ್ದನ್ನು ಕ್ಯಾಮೆರಾ ಸುಲಭವಾಗಿ ಹಿಡಿಯಲಾರದು. ಲಂಕೇಶ್ ಕಂಡುಕೊಂಡ ದಾರಿ ಜಾಣತನದ್ದು: ಕಥೆಯ ಭಾರವನ್ನು ಹುಡುಗಿಯ ಕಡೆಗೆ ಸರಿಸಿದರು. ಕೆಲಸ ಸಿಗದೆ ಅಲೆಯುವ ತರುಣ, ಕೆಲಸಕ್ಕೆ ಸೇರಿ ತನ್ನ ಮೇಲಧಿಕಾರಿಯನ್ನೇ ಮದುವೆಯಾಗುವ ಹುಡುಗಿ, ಇಷ್ಟೇ ಕಥೆ. ಟಿ.ಎನ್. ಸೀತಾರಾಂ ಮತ್ತು ವಿಮಲಾ ನಾಯ್ಡು ಮುಖ್ಯ ಪಾತ್ರಗಳಲ್ಲಿದ್ದರು. ಸಂಗೀತ ಸರೋದ್ ವಾದಕ ರಾಜೀವ ತಾರಾನಾಥರದು. ‘ಸಂಸ್ಕಾರ’ಕ್ಕೂ ಅವರೇ ಸಂಗೀತ ನೀಡಿದ್ದರು. ‘ಪಲ್ಲವಿ’ಗೆ ಅತ್ಯುತ್ತಮ ಕನ್ನಡ ಚಿತ್ರದ ರಾಷ್ಟ್ರ ಪ್ರಶಸ್ತಿ ಬಂತು, ಲಂಕೇಶರಿಗೆ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ. ಮೊದಲ ಪ್ರಯತ್ನದಲ್ಲೇ ಇದು ದಕ್ಕಿದ್ದು ಮುಂದಿನ ಚಿತ್ರಗಳ ಮೇಲೆ ಹೊರೆಯಾಯಿತು ಎನ್ನಬಹುದು.

‘ಅನುರೂಪ’ (1977), ‘ಖಂಡವಿದೆಕೋ ಮಾಂಸವಿದೆಕೋ’ (1979) ಆ ಎತ್ತರಕ್ಕೆ ಏರಲಿಲ್ಲ. ‘ಎಲ್ಲಿಂದಲೋ ಬಂದವರು’ (1980) ಚಿತ್ರಕ್ಕಿಂತ ಅದರ ಹಾಡುಗಳೇ ಹೆಚ್ಚು ಕಾಲ ಬಾಳಿವೆ. ಸಾಹಿತ್ಯ ಲಂಕೇಶರದು, ಸಂಗೀತ ವಿಜಯಭಾಸ್ಕರ್. ಆ ಚಿತ್ರವನ್ನು ನೋಡದವರೂ ಸುಗಮ ಸಂಗೀತದ ವೇದಿಕೆಗಳಲ್ಲಿ ಅವನ್ನು ಕೇಳಿರುತ್ತಾರೆ.

‘ಸಂಕ್ರಾಂತಿ’ಯ ಕಥೆ ಬೇರೆ. ಬಿಜ್ಜಳನ ರಾಜಧಾನಿಯಲ್ಲಿ ದಲಿತರ ಹುಡುಗ ರುದ್ರ ಬ್ರಾಹ್ಮಣರ ಹುಡುಗಿ ಉಷೆಯನ್ನು ಪ್ರೀತಿಸುತ್ತಾನೆ. ಶರಣನಾಗಿ ಹೊಸ ನಡೆನುಡಿ ಕಲಿತ ರುದ್ರ ಅವಳಿಗೆ ಅಪರಿಚಿತನಂತೆ ಕಾಣತೊಡಗುತ್ತಾನೆ. ಹಳೆಯ ತಲೆಮಾರಿನ ಉಜ್ಜನಿಗೆ ಈ ಮಾರ್ಪಾಟೇ ಒಪ್ಪಿಗೆಯಿಲ್ಲ. ಬಸವಣ್ಣನವರನ್ನು ಪೂಜಿಸದೆ, ಹಳಿಯದೆ, ಕ್ರಾಂತಿಯೊಂದು ತಾನು ಎತ್ತಹೊರಟ ಜನರನ್ನು ಏನು ಮಾಡುತ್ತದೆ ಎಂದು ಕೇಳಿದ ನಾಟಕವಿದು. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಬಿ.ವಿ. ಕಾರಂತರು ಇದನ್ನು ಲಂಕೇಶರೇ ಅನುವಾದಿಸಿದ ‘ಈಡಿಪಸ್’ ಹಾಗೂ ಕಂಬಾರರ ‘ಜೋಕುಮಾರಸ್ವಾಮಿ’ಯ ಜೊತೆಗೆ ಆಡಿಸಿದರು. ಆಧುನಿಕ ಕನ್ನಡ ರಂಗಭೂಮಿಯ ಚರಿತ್ರೆ ಬರೆಯುವವರು ಈ ಪ್ರಯೋಗಗಳನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಕ್ಯಾಮೆರಾ ಹಿಡಿದ ಲಂಕೇಶ್ ಮಾತ್ರ ಕಲ್ಯಾಣಕ್ಕೆ ಮರಳಲಿಲ್ಲ. ಅವರ ಚಿತ್ರಗಳು ಸಮಕಾಲೀನ ಬದುಕಿನಲ್ಲೇ ಉಳಿದವು. ಕಲ್ಯಾಣವನ್ನು ತೆರೆಗೆ ತಂದವರು ಬೇರೆಯವರು. ಟಿ.ವಿ. ಸಿಂಗ್ ಠಾಕೂರರ ‘ಜಗಜ್ಯೋತಿ ಬಸವೇಶ್ವರ’ದಲ್ಲಿ (1959) ಹೊನ್ನಪ್ಪ ಭಾಗವತರ್ ಬಸವಣ್ಣ, ರಾಜ್‌ಕುಮಾರ್ ಬಿಜ್ಜಳ. ಕೆ.ಎಸ್.ಎಲ್. ಸ್ವಾಮಿ ನಿರ್ದೇಶಿಸಿದ ‘ಕ್ರಾಂತಿಯೋಗಿ ಬಸವಣ್ಣ’ (1983) ಆಮೇಲೆ ಬಂತು. ಎರಡೂ ಭಕ್ತಿಯ ಚೌಕಟ್ಟಿನವು. ಕಲ್ಯಾಣದ ವಸ್ತುವಿನ ಮೇಲೆ ಬಿ. ಪುಟ್ಟಸ್ವಾಮಯ್ಯನವರು ‘ಕ್ರಾಂತಿ ಕಲ್ಯಾಣ’ ಕಾದಂಬರಿ ಬರೆದು 1964ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದಿದ್ದರು. ಆದರೆ ಪುಟ್ಟಣ್ಣ ಕಣಗಾಲರು ‘ಮಲ್ಲಮ್ಮನ ಪವಾಡ’ಕ್ಕೆ (1969) ಆರಿಸಿಕೊಂಡದ್ದು ಪುಟ್ಟಸ್ವಾಮಯ್ಯನವರ ಸಾಂಸಾರಿಕ ಕಾದಂಬರಿ ‘ಅರ್ಧಾಂಗಿ’ಯನ್ನು. ಕಾರ್ನಾಡರ ‘ತಲೆದಂಡ’, ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’, ಕಂಬಾರರ ‘ಶಿವರಾತ್ರಿ’ ಮೂರೂ ನಾಟಕಗಳೇ. ಕಾರ್ನಾಡ್, ಕಂಬಾರ ಇಬ್ಬರೂ ಚಿತ್ರ ನಿರ್ದೇಶಕರಾಗಿದ್ದವರು ಎಂಬುದನ್ನು ಇಲ್ಲಿ ನೆನೆಯಬೇಕು. ಕಲ್ಯಾಣವನ್ನು ಪ್ರಶ್ನೆಯಾಗಿ ನೋಡಿದವರು ರಂಗಕ್ಕೆ ಹೋದರು, ಪವಾಡವಾಗಿ ನೋಡಿದವರು ಸಿನಿಮಾಕ್ಕೆ. ದಂಡು, ಅರಮನೆ, ಬೀದಿಯ ಜನಸಂದಣಿ ಕಟ್ಟಲು ಬೇಕಾದ ಹಣ ಸಾಹಿತಿ–ನಿರ್ದೇಶಕರ ಕೈಗೆಟುಕುವಂಥದ್ದೂ ಆಗಿರಲಿಲ್ಲ.

ಸ್ಥಳದ ಕೊರತೆಯಂತೂ ಇರಲಿಲ್ಲ. ನಂತರದ ಅರಸರ ಕೈಯಲ್ಲಿ ಬೆಳೆದ ಬಸವಕಲ್ಯಾಣದ ಕೋಟೆ, ಹತ್ತಿರದ ನಾರಾಯಣಪುರದ ಶಿವಾಲಯ, ನೆರೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಶಾಸನ ಬರೆಯುತ್ತ ನಿಂತ ಶಿಲಾಸುಂದರಿ, ಎಲ್ಲವೂ ಬೀದರ್ ಜಿಲ್ಲೆಯ ಒಂದೇ ಸೀಮೆಯಲ್ಲಿವೆ. ಚಾಲುಕ್ಯರ ಕಾಲದ ಈ ಕಲ್ಲುಗಳನ್ನು ಕಲಾವಿದ್ಯಾರ್ಥಿಗಳು ಹುಡುಕಿಕೊಂಡು ಬಂದಷ್ಟು ಚಿತ್ರ ನಿರ್ದೇಶಕರು ಬಂದಿಲ್ಲ.

1980ರಲ್ಲಿ ‘ಲಂಕೇಶ್ ಪತ್ರಿಕೆ’ ಆರಂಭವಾದ ಮೇಲೆ ಲಂಕೇಶ್ ಮತ್ತೆ ಚಿತ್ರ ನಿರ್ದೇಶಿಸಲಿಲ್ಲ. ಜಾಹೀರಾತಿಲ್ಲದೆ ನಡೆದ ಆ ವಾರಪತ್ರಿಕೆ ಅವರ ಸಮಯವನ್ನೆಲ್ಲ ಬೇಡಿತು. ಧಾರಾವಾಹಿಗಳ ಕಡೆಗೆ ಹೋದವರು ‘ಪಲ್ಲವಿ’ಯ ನಾಯಕ ಸೀತಾರಾಂ. ದೂರದರ್ಶನದ ‘ಮಾಯಾಮೃಗ’ದಿಂದ (1998) ಅವರು ಕಿರುತೆರೆಯಲ್ಲಿ ಮನೆಮಾತಾದರು. ಲಂಕೇಶರ ಕಾದಂಬರಿ ‘ಅಕ್ಕ’ವನ್ನು ಮಗಳು ಕವಿತಾ ಲಂಕೇಶ್ ‘ದೇವೀರಿ’ (1999) ಎಂಬ ಚಿತ್ರವಾಗಿಸಿದರು. ‘ಕಲ್ಲು ಕರಗುವ ಸಮಯ’ ಕಥಾಸಂಕಲನಕ್ಕೆ 1993ರಲ್ಲಿ ಲಂಕೇಶರಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಥೆಗಾರ, ನಾಟಕಕಾರ, ಸಂಪಾದಕ ಲಂಕೇಶರ ನಂತರವೇ ನಿರ್ದೇಶಕ ಲಂಕೇಶರನ್ನು ಎಣಿಸಬೇಕು. ‘ಪಲ್ಲವಿ’ಯೊಂದು ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ.